ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ರಿವಿಷನ್ ಎಲ್ಲಿಂದ ಶುರು ಮಾಡೋದು? (ಬೆಂಗಳೂರಲ್ಲಿ ಡ್ಯೂಟಿ ಮಾಡ್ಕೊಂಡೇ ಓದೋವ್ರಿಗೆ)

ಕೆಂಗೇರಿ_ಜಿಎನ್‌ಎಂ

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಇಲ್ಲೇ ಒಂದು ಖಾಸಗಿ ಆಸ್ಪತ್ರೆಯ ಮೇಲ್ ಮೆಡಿಕಲ್ ವಾರ್ಡಲ್ಲಿ ಇದ್ದೀನಿ. 50 ಬೆಡ್‌ಗಿಂತ ಜಾಸ್ತಿ ಇರೋ ಆಸ್ಪತ್ರೆ, ಎರಡು ವರ್ಷದ ಅನುಭವವೂ ಆಗ್ತಾ ಬಂತು, ಹಾಗಾಗಿ ಈ ಸಲ ನಾರ್ಸೆಟ್ (ಏಮ್ಸ್ ನರ್ಸಿಂಗ್ ಆಫೀಸರ್ ಹುದ್ದೆಯ ಪರೀಕ್ಷೆ) ಬರೆಯೋಣ ಅಂತ ಕೂತಿದ್ದೀನಿ. ಫಂಡಮೆಂಟಲ್ಸ್, ಒಬಿಜಿ (ಹೆರಿಗೆ-ಸ್ತ್ರೀರೋಗ), ಪೀಡಿಯಾಟ್ರಿಕ್ಸ್ ಪರವಾಗಿಲ್ಲ. ಮೆಡ್-ಸರ್ಜ್ ಹತ್ರ ಬಂದ್ರೆ ತಲೆ ತಿರುಗುತ್ತೆ.

ಕಾಯಿಲೆ ಹೆಸರು ಹೇಳಿದ್ರೆ ಕಾರಣ, ಲಕ್ಷಣ, ಟೆಸ್ಟು, ಚಿಕಿತ್ಸೆ ಎಲ್ಲ ಒಪ್ಪಿಸ್ತೀನಿ. ಆದ್ರೆ "ಈ ನಾಲ್ಕು ಪೇಷಂಟಲ್ಲಿ ಮೊದಲು ಯಾರನ್ನ ನೋಡ್ತೀರಿ" ಅಂತ ಕೇಳಿದ್ರೆ ನಾಲ್ಕೂ ಸರಿ ಅನ್ಸುತ್ತೆ. ಒಂದು ತಪ್ಪಿಗೆ ಅಂಕದ ಮೂರನೇ ಒಂದು ಭಾಗ ಬೇರೆ ಹೋಗುತ್ತೆ. ಯಾವ ಕ್ರಮದಲ್ಲಿ ಓದಿದ್ರಿ ಅಂತ ಅನುಭವಸ್ಥರು ಹೇಳಿ.

ರಾತ್ರಿಪಾಳಿ_ಅಕ್ಕ

ತಂಗೀ, ನೀನು ಕಾಯಿಲೆಯನ್ನ ಡಾಕ್ಟರ ಪುಸ್ತಕದ ಕ್ರಮದಲ್ಲಿ ಓದ್ತಿದ್ದೀಯ, ಅದೇ ತೊಂದರೆ. ಡಯಾಗ್ನೋಸಿಸ್ ಮಾಡೋದು ನಮ್ಮ ಕೆಲಸ ಅಲ್ಲ. ಡಾಕ್ಟರ್ ಬರೋಕ್ಕೆ ಮುಂಚೆ ಬೆಡ್ ಪಕ್ಕದಲ್ಲಿ ನಿಂತಿರೋದು ನಾವು. ಹಾಗಾಗಿ ಪ್ರತಿ ಕಾಯಿಲೆಗೂ ಮೂರೇ ಪ್ರಶ್ನೆ ಹಾಕ್ಕೋ. ಈ ಪೇಷಂಟ್ ಕೆಡೋದಾದ್ರೆ ಹೇಗೆ ಕೆಡ್ತಾನೆ? ಕೆಡೋದಕ್ಕೆ ಮುಂಚೆ ನನಗೆ ಏನು ಕಾಣ್ಸುತ್ತೆ? ಆಗ ನನ್ನ ಕೈ ಮೊದಲು ಎಲ್ಲಿಗೆ ಹೋಗ್ಬೇಕು? ಈ ಮೂರಕ್ಕೆ ಉತ್ತರ ಗೊತ್ತಿದ್ರೆ ಉಳಿದದ್ದನ್ನ ಪುಸ್ತಕದಲ್ಲಿ ಒಂದು ಸಲ ಕಣ್ಣಾಡಿಸಿದ್ರೆ ಸಾಕು.

ಉದಾಹರಣೆ ಕೊಡ್ತೀನಿ. ನಾಲ್ಕು ಜನ ಇದ್ದಾರೆ ಅಂದ್ಕೋ. ಸಿಒಪಿಡಿ (ಬಹುಕಾಲದ ಶ್ವಾಸಕೋಶದ ಕಾಯಿಲೆ) ಪೇಷಂಟ್, ಆಕ್ಸಿಜನ್ ಸ್ಯಾಚುರೇಷನ್ 90. ಡಯಾಬಿಟಿಕ್ ಫೂಟ್, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ಸಕ್ಕರೆ) 280. ನಿನ್ನೆ ಅಪೆಂಡಿಕ್ಸ್ ಆಪರೇಷನ್ ಆದವನು, ನೋವು ಹತ್ತಕ್ಕೆ ಆರು ಅಂತಾನೆ. ಬೆಳಿಗ್ಗೆ ಥೈರಾಯ್ಡ್ ತೆಗೆಸಿಕೊಂಡು ಬಂದವಳು, "ಕತ್ತಲ್ಲಿ ಏನೋ ಬಿಗಿಯಾಗ್ತಿದೆ ಸಿಸ್ಟರ್" ಅಂತಾಳೆ.

ಮೊದಲ ಮೂವರಲ್ಲಿ ಇರೋದೆಲ್ಲ ಆ ಕಾಯಿಲೆಯಲ್ಲಿ ಇರಬೇಕಾದ್ದೇ. ನಾಲ್ಕನೆಯವಳದ್ದು ಹಾಗಲ್ಲ. ಕತ್ತಿನೊಳಗೆ ರಕ್ತ ಶೇಖರ ಆಗಿ ಶ್ವಾಸನಾಳ ಒತ್ತುತ್ತಿರಬಹುದು. ಮುಂದಿನ ಡ್ರೆಸಿಂಗ್ ಒಣಗಿದೆ ಅಂತ ಸುಮ್ಮನಾಗ್ಬೇಡ. ಮಲಗಿರೋವಾಗ ರಕ್ತ ಹಿಂದಕ್ಕೆ ಹರಿಯುತ್ತೆ, ಕತ್ತಿನ ಹಿಂದೆ, ದಿಂಬಿನ ಹತ್ರ ಕೈ ಹಾಕಿ ನೋಡ್ಬೇಕು. ಟ್ರೇಕಿಯಾಸ್ಟಮಿ ಸೆಟ್ (ಕತ್ತಲ್ಲಿ ಉಸಿರಿಗೆ ದಾರಿ ಮಾಡೋ ಸಾಮಾನು), ಸಕ್ಷನ್, ಆಕ್ಸಿಜನ್ ಬೆಡ್ ಪಕ್ಕದಲ್ಲೇ ಇರ್ಬೇಕು ಅಂತ ಓದಿರ್ತೀಯಲ್ಲ, ಅದು ಇದಕ್ಕೇ. ಕ್ಯಾಲ್ಸಿಯಂ ಗ್ಲೂಕೋನೇಟ್ ಯಾಕೆ ಇಡ್ತೀವಿ? ಪ್ಯಾರಾಥೈರಾಯ್ಡ್‌ಗೆ (ಥೈರಾಯ್ಡ್ ಹಿಂದಿರೋ ಪುಟ್ಟ ಗ್ರಂಥಿಗಳು) ಪೆಟ್ಟು ಬಿದ್ದಿದ್ರೆ ಕ್ಯಾಲ್ಸಿಯಂ ಇಳಿಯುತ್ತೆ. ಬಾಯಿ ಸುತ್ತ, ಬೆರಳ ತುದಿ ಜುಮ್ಮೆನ್ನುತ್ತೆ. ಬಿಪಿ ಕಫ್ ಬಿಗಿದಾಗ ಕೈ ಸೆಟೆದುಕೊಳ್ಳುತ್ತೆ, ಅದು ಟ್ರೂಸೋ. ಕೆನ್ನೆ ಮೇಲೆ ತಟ್ಟಿದ್ರೆ ಮುಖ ಅದುರುತ್ತೆ, ಅದು ಶ್ವೋಸ್ಟೆಕ್. ಈಗ ನೋಡು, ಒಂದು ಪೇಷಂಟಿಂದ ಎಷ್ಟು ಒನ್-ಲೈನರ್ ಬಂತು.

ಪಿವೈಕ್ಯೂ_ಪ್ರಿಯ

ಅಕ್ಕ, ಬೇಜಾರು ಮಾಡ್ಕೋಬೇಡಿ, ಇದು ವಾರ್ಡಿಗೆ ಚೆನ್ನಾಗಿದೆ, ಪರೀಕ್ಷೆಗೆ ಅಲ್ಲ. ಹಳೇ ಪ್ರಶ್ನೆಪತ್ರಿಕೆ ತಿರುವಿ ಹಾಕಿ, ನಾರ್ಮಲ್ ವ್ಯಾಲ್ಯೂ, ಆಂಟಿಡೋಟು (ಔಷಧಿ ಹೆಚ್ಚಾದ್ರೆ ಕೊಡೋ ಪ್ರತಿಮದ್ದು), ಪೊಸಿಷನ್ನು, ಸೈನುಗಳ ಹೆಸರು, ಇಷ್ಟು ಉರು ಹೊಡೆದ್ರೆ ಅರ್ಧ ಗೆದ್ದ ಹಾಗೆ. ಹೆಪಾರಿನ್‌ಗೆ ಪ್ರೋಟಮೀನ್, ವಾರ್ಫರಿನ್‌ಗೆ ವಿಟಮಿನ್ ಕೆ, ಮಾರ್ಫಿನ್‌ಗೆ ನಲಾಕ್ಸೋನ್, ಪ್ಯಾರಾಸಿಟಮಾಲ್‌ಗೆ ಎನ್-ಅಸಿಟೈಲ್ ಸಿಸ್ಟೀನ್. ಇದಕ್ಕೆಲ್ಲ ಯಾಕೆ ಕಥೆ?

ಟ್ಯೂಟರ್_ಮೇಡಂ

ಇಬ್ಬರೂ ಸರಿ, ಆದರೆ ಪ್ರಿಯ ಅವರು ಹೇಳಿದ್ದು ಅರ್ಧಕ್ಕೆ ಮಾತ್ರ ಸಾಲುತ್ತದೆ. ನಾರ್ಸೆಟ್ ಎರಡು ಹಂತ ಆದ ಮೇಲೆ ಸನ್ನಿವೇಶದ ಪ್ರಶ್ನೆಗಳನ್ನು ಬಿಟ್ಟು ಹೋಗುವ ಹಾಗಿಲ್ಲ. ಬಿ.ಎಸ್‌ಸಿ. ಮಕ್ಕಳಿಗೆ ಹೊಸ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ಅಡಲ್ಟ್ ಹೆಲ್ತ್ ನರ್ಸಿಂಗ್ ಅಂತ ಹೆಸರಿದೆ. ಹೆಸರು ಬದಲಾದರೂ ಮಕ್ಕಳು ಎಡವುವ ಜಾಗ ಬದಲಾಗಿಲ್ಲ.

ಒಂದು ವ್ಯಾಲ್ಯೂ ತೆಗೆದುಕೊಳ್ಳೋಣ. ಪೊಟ್ಯಾಸಿಯಂ, 3.5 ರಿಂದ 5. ಇದನ್ನು ಉರು ಹೊಡೆದವರು ತರಗತಿಯಲ್ಲಿ ಎಲ್ಲರೂ ಇದ್ದಾರೆ. ಆದರೆ ಈ ಒಂದು ಸಂಖ್ಯೆ ಹಿಡಿದುಕೊಂಡು ನಾಲ್ಕು ವಾರ್ಡು ಸುತ್ತಬಹುದು.

ಹಾರ್ಟ್ ಫೇಲ್ಯೂರ್ ಇರುವವರಿಗೆ ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸುವ ಔಷಧ) ಕೊಡುತ್ತೇವೆ. ಮೂತ್ರದ ಜೊತೆ ಪೊಟ್ಯಾಸಿಯಂ ಹೋಗುತ್ತದೆ. ಅದೇ ಪೇಷಂಟ್ ಡಿಗಾಕ್ಸಿನ್ (ಹೃದಯದ ಔಷಧ) ಕೂಡ ತೆಗೆದುಕೊಳ್ಳುತ್ತಿದ್ದರೆ, ಪೊಟ್ಯಾಸಿಯಂ ಇಳಿದಷ್ಟೂ ಡಿಗಾಕ್ಸಿನ್ ವಿಷವಾಗುವ ಸಂಭವ ಏರುತ್ತದೆ. ಊಟ ಸೇರದು, ವಾಕರಿಕೆ, ದೀಪದ ಸುತ್ತ ಹಳದಿ-ಹಸಿರು ಬಳೆ ಕಾಣುವುದು. ಡಿಗಾಕ್ಸಿನ್ ಕೊಡುವ ಮೊದಲು ಎಪಿಕಲ್ ಪಲ್ಸ್ (ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳುವ ಬಡಿತ) ಪೂರ್ತಿ ಒಂದು ನಿಮಿಷ ಎಣಿಸಿ, 60ಕ್ಕಿಂತ ಕಡಿಮೆ ಇದ್ದರೆ ತಡೆಹಿಡಿದು ತಿಳಿಸಿ ಎನ್ನುವುದು ಹುಟ್ಟಿದ್ದು ಹೀಗೆ.

ಡಿಕೆಎಗೆ (ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್, ಆಮ್ಲ ತುಂಬುವ ಸ್ಥಿತಿ) ಬನ್ನಿ. ಬಂದ ತಕ್ಷಣ ಪೊಟ್ಯಾಸಿಯಂ ನಾರ್ಮಲ್ ಅಥವಾ ಜಾಸ್ತಿಯೇ ಇರಬಹುದು, ನಂಬಬೇಡಿ. ದೇಹದಲ್ಲಿ ಒಟ್ಟು ದಾಸ್ತಾನು ಖಾಲಿಯಾಗಿರುತ್ತದೆ. ಇನ್ಸುಲಿನ್ ಹೋದ ಕೂಡಲೇ ರಕ್ತದಲ್ಲಿರುವುದೂ ಜೀವಕೋಶದೊಳಗೆ ಸೇರುತ್ತದೆ. ಅದಕ್ಕೇ ಪೊಟ್ಯಾಸಿಯಂ ತೀರಾ ಕಡಿಮೆ ಇದ್ದರೆ (ಹಳೆಯ ಪುಸ್ತಕದಲ್ಲಿ 3.3, ಈಚಿನ ಮಾರ್ಗಸೂಚಿಯಲ್ಲಿ 3.5ಕ್ಕಿಂತ ಕೆಳಗೆ) ಮೊದಲು ಅದನ್ನು ತುಂಬಿಸಿ, ಆಮೇಲೆ ಇನ್ಸುಲಿನ್. ಸಕ್ಕರೆ 250ರ ಹತ್ತಿರ ಇಳಿದಾಗ ಡೆಕ್ಸ್ಟ್ರೋಸ್ ಸೇರಿಸುತ್ತಾರೆ, ಇನ್ಸುಲಿನ್ ನಿಲ್ಲಿಸುವುದಿಲ್ಲ, ಏಕೆಂದರೆ ನಾವು ಬೆನ್ನು ಹತ್ತಿರುವುದು ಸಕ್ಕರೆಯನ್ನಲ್ಲ, ಕೀಟೋನ್ ಮತ್ತು ಆಮ್ಲವನ್ನು.

ಕಿಡ್ನಿ ವಾರ್ಡಿನಲ್ಲಿ ಕಥೆ ಉಲ್ಟಾ. ಅಲ್ಲಿ ಪೊಟ್ಯಾಸಿಯಂ ಏರುತ್ತದೆ, ಇಸಿಜಿಯಲ್ಲಿ ಟಿ ವೇವ್ ಚೂಪಾಗಿ ನಿಲ್ಲುತ್ತದೆ. ನೋಡಲು ಬರುವ ನೆಂಟರ ಕೈಯಲ್ಲಿ ಬಾಳೆಹಣ್ಣು, ಎಳನೀರು ಇಲ್ಲದೆ ಇರುವುದೇ ಇಲ್ಲ. ಪ್ರೀತಿಯಿಂದ ತಂದದ್ದು, ಆದರೆ ಡಯಾಲಿಸಿಸ್ ಪೇಷಂಟಿಗೆ ಎಳನೀರು ಪೊಟ್ಯಾಸಿಯಂ ಬಾಟಲಿ ಇದ್ದ ಹಾಗೆ. ಇದನ್ನು ಬಾಗಿಲಲ್ಲೇ ಬೈದು ಕಳಿಸದೆ ಕೂರಿಸಿ ಹೇಳುವುದು ಪೇಷಂಟ್ ಎಜುಕೇಷನ್ ಅನ್ನುವುದರ ನಿಜವಾದ ಪಾಠ.

ಕೊನೆಯದು, ಮರೆಯಲೇಬಾರದ್ದು: ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಎಂದಿಗೂ ಐವಿ ಪುಷ್, ಅಂದರೆ ನೇರ ರಕ್ತನಾಳಕ್ಕೆ ಚುಚ್ಚುವುದು, ಇಲ್ಲ. ನಮ್ಮಲ್ಲಿ ಸಿಗುವ 10 ಎಂಎಲ್ ಆಂಪೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ಡೈಲ್ಯೂಟ್ ಮಾಡಿ, ಬಾಟಲಿಯನ್ನು ಚೆನ್ನಾಗಿ ತಿರುಗಿಸಿ ಬೆರೆಸಿ, ಪೆರಿಫೆರಲ್ ಲೈನಿನಲ್ಲಿ ಸಾಮಾನ್ಯವಾಗಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ದಾಟುವ ಹಾಗಿಲ್ಲ, ಮೂತ್ರ ಬರುತ್ತಿದೆಯೇ ಎಂದು ನೋಡಿಕೊಂಡೇ.

ಪಿವೈಕ್ಯೂ_ಪ್ರಿಯ

ಸರಿ ಮೇಡಂ, ಸೋತೆ. ಪೊಟ್ಯಾಸಿಯಂ ಪೋಸ್ಟು ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ.

ಗದಗದ_ಬ್ರದರ್

ನಾ ಎಮರ್ಜೆನ್ಸಿಯೊಳಗ ಇರೋದ್ರಿ. ಮೇಡಂ ಹೇಳಿದ್ದಕ್ಕ ನಂದೊಂದು ಸೇರ್ಸತೀನಿ. ನಮ್ಮ ಕಡೆ ಆಗ್ಲಿ, ಬೆಂಗಳೂರಾಗ ಆಗ್ಲಿ, ಎದಿನೋವು ಬಂದವ್ರು ಹತ್ತರಾಗ ಎಂಟು ಮಂದಿ ಬಾಗಿಲೊಳಗ ಬರೂವಾಗನ "ಗ್ಯಾಸ್ಟ್ರಿಕ್ ಐತ್ರಿ ಬ್ರದರ್, ಒಂದು ಇಂಜೆಕ್ಷನ್ ಹಾಕಿ ಕಳಸ್ರಿ" ಅಂತ ಬರ್ತಾರ. ಮನ್ಯಾಗ ಸೋಡಾ ಕುಡದು, ಜೀರಿಗಿ ನೀರು ಕುಡದು, ರಾತ್ರೆಲ್ಲಾ ಕುಂತು ಮುಂಜಾನೆ ಬಂದಿರ್ತಾರ. ಅವ್ರ ಮಾತು ಕೇಳಿ ಪ್ಯಾಂಟಾಪ್ (ಗ್ಯಾಸ್ಟ್ರಿಕ್ ಔಷಧ) ಏರ್ಸಿ ಕುಂಡ್ರಸಬ್ಯಾಡ್ರಿ. ಬಂದ ಹತ್ತು ನಿಮಿಷದೊಳಗ ಇಸಿಜಿ ಆಗ್ಬೇಕು, ಡಾಕ್ಟರ್ ಕಣ್ಣಿಗೆ ಬೀಳಬೇಕು.

ಶುಗರ್ ಇದ್ದವ್ರಿಗೆ, ವಯಸ್ಸಾದವ್ರಿಗೆ, ಹೆಣ್ಮಕ್ಕಳಿಗೆ ಎದಿನೋವು ಇರಲಾರದನೂ ಹಾರ್ಟ್ ಅಟ್ಯಾಕ್ ಆಗ್ತೈತಿ. ಬರೇ ಸುಸ್ತು, ಬೆವರು, ಉಸಿರು ಹತ್ತೂದು, ದವಡಿ ನೋವು, ವಾಂತಿ. ಪರೀಕ್ಷಾದಾಗ ಬಾಳ ಕೇಳೋದು ನೈಟ್ರೋಗ್ಲಿಸರಿನ್ ಯಾವಾಗ ಕೊಡಬಾರ್ದು ಅಂತ. ಸಿಸ್ಟಾಲಿಕ್ 90ಕ್ಕಿಂತ ಕಮ್ಮಿ ಇದ್ದಾಗ, ಸಿಲ್ಡೆನಾಫಿಲ್ ಹಂಗಿನ ಗುಳಿಗಿ ತಗೊಂಡಿದ್ದಾಗ, ಮತ್ತ ಬಲಗಡೆ ವೆಂಟ್ರಿಕಲ್ ಹೊಡೆತಕ್ಕ ಸಿಕ್ಕಾಗ. ಇನ್‌ಫೀರಿಯರ್ ಎಂಐ (ಹೃದಯದ ಕೆಳಭಾಗದ ಹಾರ್ಟ್ ಅಟ್ಯಾಕ್) ಕಂಡ್ರ ಬಲಗಡಿ ಲೀಡ್ ಹಾಕಿ ಇಸಿಜಿ ತಗೀರಿ ಅಂತ ಹೇಳೂದು ಅದಕ್ಕ.

ನಮ್ಮ ರಾಜ್ಯದಾಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮ್ಯಾಲೆ ತಾಲೂಕು ಆಸ್ಪತ್ರಿಯಾಗ ತಗದ ಇಸಿಜಿ ಜಯದೇವದಂಥಾ ದೊಡ್ಡ ಕೇಂದ್ರಕ್ಕ ಹೋಗಿ, ಅಲ್ಲಿಂದ ಹೇಳಿದ್ರ ಟೆನೆಕ್ಟೆಪ್ಲೇಸ್ (ಹೆಪ್ಪುಗಟ್ಟಿದ ರಕ್ತ ಕರಗ್ಸೂ ಇಂಜೆಕ್ಷನ್) ಅಲ್ಲೇ ಉಚಿತ ಹಾಕ್ತಾರ. ಅಂದ್ರ ಊರಾಗಿನ ನರ್ಸಿಗೂ ಈಗ ಥ್ರಾಂಬೊಲಿಸಿಸ್ ಚೆಕ್‌ಲಿಸ್ಟ್ ಬರಬೇಕು. ಮೊದಲ ಬ್ರೇನ್ ಹೆಮರೇಜ್ ಆಗಿತ್ತೇನು, ಈಚಿಗೆ ಆಪರೇಷನ್ ಆಗೇತೇನು, ರಕ್ತ ಹೋಗತೈತೇನು, ಬಿಪಿ ಎಷ್ಟೈತಿ. ಕೇಳಿ ಬರಕೊಳ್ರಿ. ಹಾಕಿದ ಮ್ಯಾಲೆ ಸುಮ್ಮಸುಮ್ಮನ ಸೂಜಿ ಚುಚ್ಚಬ್ಯಾಡ್ರಿ, ಒಸಡು, ಮೂತ್ರ, ಮಾತು ನೋಡ್ಕೋತ ಇರ್ರಿ.

ಹಾಸನದ_ಮಗಳು

ಬ್ರದರ್ ಹೇಳಿದ್ದಕ್ಕೆ ಸ್ಟ್ರೋಕೂ ಜೊತೆಗೆ ಸೇರಿಸಿ. "ಯಾವಾಗ ಶುರುವಾಯ್ತು" ಅಂತ ಕೇಳಿದ್ರೆ "ಬೆಳಿಗ್ಗೆ ಎದ್ದಾಗ ನೋಡಿದ್ವಿ" ಅಂತಾರೆ. ನಮಗೆ ಬೇಕಾಗಿರೋದು ಕೊನೇ ಸಲ ಸರಿಯಾಗಿದ್ದದ್ದು ಯಾವಾಗ ಅನ್ನೋದು. ಕ್ಲಾಟ್ ಕರಗಿಸೋ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಲೆಕ್ಕ ಅಲ್ಲಿಂದ್ಲೇ ಶುರು. ಸಿಟಿ ಮೊದಲು, ಜಿಆರ್‌ಬಿಎಸ್ ಅದಕ್ಕೂ ಮೊದಲು, ಯಾಕಂದ್ರೆ ಸಕ್ಕರೆ ಇಳಿದವರೂ ಸ್ಟ್ರೋಕ್ ಥರಾನೇ ಕಾಣ್ತಾರೆ.

ಇನ್ನೊಂದು. ಬಾಯಿ ಸೊಟ್ಟ ಆಗಿರೋವ್ರಿಗೆ ಮನೆಯವರು "ಗಂಟಲು ಒಣಗಿದೆ ಪಾಪ" ಅಂತ ಕಾಫಿ ಕುಡಿಸ್ತಾರೆ. ನುಂಗೋದು ಪರೀಕ್ಷೆ ಆಗೋವರೆಗೂ ಒಂದು ಹನಿ ನೀರೂ ಇಲ್ಲ, ಮಾತ್ರೆನೂ ಇಲ್ಲ. ಶ್ವಾಸಕೋಶಕ್ಕೆ ಹೋದ್ರೆ ಸ್ಟ್ರೋಕಿಂದ ಉಳಿದವರನ್ನ ನ್ಯುಮೋನಿಯಾ ತಗೊಂಡು ಹೋಗುತ್ತೆ.

ಕೆಂಗೇರಿ_ಜಿಎನ್‌ಎಂ

ಇಷ್ಟೊಂದು ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ನಮ್ಮ ವಾರ್ಡಲ್ಲಿ ಮಳೆಗಾಲ ಬಂದ್ರೆ ಅರ್ಧ ಬೆಡ್ ಡೆಂಗಿ. ಪೇಷಂಟ್ ಕಡೆಯವರು ಬೆಳಿಗ್ಗೆಯಿಂದ ಸಂಜೆವರೆಗೂ ಕೇಳೋದು ಒಂದೇ, "ಪ್ಲೇಟ್‌ಲೆಟ್ ಎಷ್ಟಾಯ್ತು ಸಿಸ್ಟರ್". ಜ್ವರ ಬಿಟ್ಟ ತಕ್ಷಣ ಡಿಸ್ಚಾರ್ಜ್ ಕೇಳ್ತಾರೆ. ಆದ್ರೆ ನಮ್ಮ ಇನ್‌ಚಾರ್ಜ್ ಸಿಸ್ಟರ್ ಜ್ವರ ಬಿಟ್ಟ ದಿನಾನೇ ಬಿಪಿ ಚಾರ್ಟ್ ಗಂಟೆಗೊಂದು ಸಲ ಬರೆಸ್ತಾರೆ. ಯಾಕೆ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ.

ಜ್ವರವಾರ್ಡ್_7

ನಿಮ್ಮ ಇನ್‌ಚಾರ್ಜ್‌ಗೆ ಒಂದು ನಮಸ್ಕಾರ ಹೇಳಿ. ಡೆಂಗಿಯಲ್ಲಿ ಜ್ವರ ಇರೋ ದಿನಗಳಿಗಿಂತ ಜ್ವರ ಇಳಿಯೋ ದಿನ ಅಪಾಯ ಜಾಸ್ತಿ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತೆ, ಆಗ ಶುರುವಾಗೋ 24ರಿಂದ 48 ಗಂಟೆ ಕ್ರಿಟಿಕಲ್ ಫೇಸ್. ರಕ್ತನಾಳದ ಗೋಡೆ ಜಾಳಾಗಿ ಪ್ಲಾಸ್ಮಾ ಹೊರಗೆ ಸೋರುತ್ತೆ. ಹೊಟ್ಟೆಯಲ್ಲಿ, ಎದೆಗೂಡಲ್ಲಿ ನೀರು ಸೇರುತ್ತೆ. ಪೇಷಂಟ್ ಸಾಯೋದು ಹೆಚ್ಚಾಗಿ ಈ ಸೋರಿಕೆಯಿಂದ, ಶಾಕ್‌ನಿಂದ. ಆದ್ರೆ ಇಡೀ ಬೆಂಗಳೂರು ನೋಡ್ತಾ ಕೂತಿರೋದು ಪ್ಲೇಟ್‌ಲೆಟ್ಟನ್ನ.

ಸೋರ್ತಿದೆ ಅಂತ ಗೊತ್ತಾಗೋದು ಹೇಗೆ? ಸಿಬಿಸಿ ರಿಪೋರ್ಟಲ್ಲಿ ಪ್ಲೇಟ್‌ಲೆಟ್ ಪಕ್ಕದಲ್ಲೇ ಹೆಮಾಟೊಕ್ರಿಟ್ ಅಂತ ಇರುತ್ತಲ್ಲ, ಅದನ್ನ ನೋಡಿ. ಪಿಸಿವಿ ಅಂತಲೂ ಬರೆದಿರ್ತಾರೆ. ನೀರಿನಂಶ ಹೊರಗೆ ಹೋದ್ರೆ ರಕ್ತ ಗಟ್ಟಿಯಾಗಿ ಅದು ಏರುತ್ತೆ. ಪ್ಲೇಟ್‌ಲೆಟ್ ಬೇಗ ಇಳೀತಾ ಹೆಮಾಟೊಕ್ರಿಟ್ ಏರ್ತಿದ್ರೆ ಡ್ಯೂಟಿ ಡಾಕ್ಟರ್‌ಗೆ ಫೋನ್ ಹೋಗ್ಲೇಬೇಕು.

ಬಿಪಿಯಲ್ಲಿ ಮೇಲಿನ ನಂಬರ್ ಮಾತ್ರ ನೋಡಬೇಡಿ. 100/84 ಇದ್ರೆ "ನೂರಿದೆ, ಪರವಾಗಿಲ್ಲ" ಅಂತ ಬರೆದು ಮುಂದಿನ ಬೆಡ್‌ಗೆ ಹೋಗೋವ್ರು ಇದ್ದಾರೆ. ಎರಡರ ವ್ಯತ್ಯಾಸ 16. ಪಲ್ಸ್ ಪ್ರೆಶರ್ 20 ಅಥವಾ ಅದಕ್ಕಿಂತ ಕಡಿಮೆ ಆಯ್ತು ಅಂದ್ರೆ ಪೇಷಂಟ್ ಶಾಕ್‌ಗೆ ಜಾರಿದ್ದಾನೆ ಅಂತ ಲೆಕ್ಕ, ಎದ್ದು ಕೂತು ಮಾತಾಡ್ತಾ ಇದ್ರೂ ಸರಿ. ಕೈಕಾಲು ಮುಟ್ಟಿ ನೋಡಿ, ತಣ್ಣಗಿದೆಯಾ. ಉಗುರು ಒತ್ತಿ ಬಿಡಿ, ಬಣ್ಣ ಎರಡು ಸೆಕೆಂಡಲ್ಲಿ ವಾಪಸ್ ಬರುತ್ತಾ. ಮೂತ್ರ ಗಂಟೆಗೆ ಪ್ರತಿ ಕಿಲೋಗೆ ಅರ್ಧ ಎಂಎಲ್ ಆದ್ರೂ ಬರ್ತಿದೆಯಾ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ಇವೆಲ್ಲ ಎಚ್ಚರಿಕೆಯ ಗುರುತು.

ಪ್ಲೇಟ್‌ಲೆಟ್ ವಿಷಯ: ರಕ್ತಸ್ರಾವ ಇಲ್ಲದಿದ್ರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋಗೋವರೆಗೂ ಪ್ಲೇಟ್‌ಲೆಟ್ ಹಾಕೋ ಅಗತ್ಯ ಇರೋದಿಲ್ಲ. 40,000 ಇದೆ ಅಂತ ಬ್ಲಡ್ ಬ್ಯಾಂಕಿಂದ ಬ್ಲಡ್ ಬ್ಯಾಂಕಿಗೆ ಅಲೆಯೋವ್ರನ್ನ ನೋಡಿದ್ರೆ ಸಂಕಟ ಆಗುತ್ತೆ. ಪರಂಗಿ ಎಲೆ ರಸ ಮನೆಯವರು ತಂದೇ ತರ್ತಾರೆ. ನಾನು ಜಗಳ ಆಡಲ್ಲ, ಆದ್ರೆ ವಾಂತಿ ಮಾಡ್ಕೊಳ್ತಿರೋ ಪೇಷಂಟಿಗೆ ಕುಡಿಸಬೇಡಿ, ಅದರ ಬದಲು ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ ಅಂತ ಹೇಳ್ತೀನಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಮಸಲ್‌ಗೆ ಇಂಜೆಕ್ಷನ್ ಬೇಡ. ಚೇತರಿಕೆ ಹಂತದಲ್ಲಿ ಇನ್ನೊಂದು ಗುಂಡಿ ಇದೆ: ಸೋರಿದ ನೀರೆಲ್ಲ ರಕ್ತನಾಳಕ್ಕೆ ವಾಪಸ್ ಬರೋ ಹೊತ್ತಲ್ಲಿ ಡ್ರಿಪ್ ಹಳೇ ಸ್ಪೀಡಲ್ಲೇ ಓಡ್ತಿದ್ರೆ ಶ್ವಾಸಕೋಶ ತುಂಬುತ್ತೆ. ಕೆಮ್ಮು ಬಂತು, ಉಸಿರು ಏರಿತು ಅಂದ್ರೆ ಮೊದಲು ಡ್ರಿಪ್ ಕಡೆ ನೋಡಿ.

2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿದೆ. ಕಮ್ಯುನಿಟಿ ಹೆಲ್ತ್ ಪೇಪರಲ್ಲಿ ಕೇಳಿದ್ರೂ ಕೇಳ್ಬಹುದು.

ಕೆಂಗೇರಿ_ಜಿಎನ್‌ಎಂ

ಪಲ್ಸ್ ಪ್ರೆಶರ್! ಇವತ್ತು ರಾತ್ರಿ ಡ್ಯೂಟಿಯಲ್ಲಿ ಎಲ್ಲರ ಚಾರ್ಟಲ್ಲೂ ಪಕ್ಕದಲ್ಲಿ ಅದನ್ನೂ ಬರೀತೀನಿ.

ಯಲಹಂಕ_ಎಸ್‌ಎನ್

ಮೇಲೆ ಅಕ್ಕ ಸಿಒಪಿಡಿಯಲ್ಲಿ 90 ಸರಿ ಅಂದಿದ್ದಾರೆ. ನಮಗೆ ಕಾಲೇಜಲ್ಲಿ ಹೇಳಿಕೊಟ್ಟದ್ದು, ಸಿಒಪಿಡಿಗೆ ಏನೇ ಆದ್ರೂ 2 ಲೀಟರ್‌ಗಿಂತ ಜಾಸ್ತಿ ಆಕ್ಸಿಜನ್ ಕೊಡಬಾರದು, ಉಸಿರಾಟ ನಿಂತುಹೋಗುತ್ತೆ ಅಂತ. 78 ಇದ್ರೂ 2 ಲೀಟರೇನಾ?

ರಾತ್ರಿಪಾಳಿ_ಅಕ್ಕ

ಈ 2 ಲೀಟರ್ ಮಂತ್ರ ಎಷ್ಟು ಜನರ ತಲೇಲಿ ಕೂತಿದೆಯೋ! ಲೀಟರ್ ಅಲ್ಲಪ್ಪ, ಗುರಿ ನೋಡು. ಸಿಒಪಿಡಿಯಲ್ಲಿ ಸ್ಯಾಚುರೇಷನ್ ಗುರಿ 88ರಿಂದ 92. ಅದು ಮುಟ್ಟೋಕೆ ಎಷ್ಟು ಬೇಕೋ ಅಷ್ಟು. ಆಗೋದಾದ್ರೆ ವೆಂಚುರಿ ಮಾಸ್ಕ್, ಯಾಕಂದ್ರೆ ಅದರಲ್ಲಿ ಎಷ್ಟು ಶೇಕಡಾ ಹೋಗ್ತಿದೆ ಅಂತ ಖಾತ್ರಿ ಇರುತ್ತೆ. 78 ಇರೋವ್ನಿಗೆ ಆಕ್ಸಿಜನ್ ಕೊಡದೆ ಇದ್ರೆ ಅವನು ಕಾರ್ಬನ್ ಡೈಆಕ್ಸೈಡ್ ಏರೋವರೆಗೂ ಕಾಯಲ್ಲ. ತಪ್ಪು ಆಗೋದು ಇನ್ನೊಂದು ಕಡೆ: 99 ತೋರಿಸ್ತಿದೆ ಅಂತ ಖುಷಿಯಾಗಿ ಹಾಗೇ ಬಿಡೋದು. ಜಾಸ್ತಿ ಆಕ್ಸಿಜನ್ ಹೋದ್ರೆ ಕಾರ್ಬನ್ ಡೈಆಕ್ಸೈಡ್ ಏರುತ್ತೆ ಅನ್ನೋದು ನಿಜ. ಆದ್ರೆ ಉಸಿರಾಡೋ ಪ್ರಚೋದನೆ ಹೋಗೋದೊಂದೇ ಅದಕ್ಕೆ ಕಾರಣ ಅಲ್ಲ. ಗಾಳಿ ಸರಿಯಾಗಿ ಹೋಗದಿರೋ ಭಾಗಕ್ಕೂ ರಕ್ತ ಹರಿಯೋಕೆ ಶುರುವಾಗೋದೂ ದೊಡ್ಡ ಕಾರಣ. ಮಂಪರು, ತಲೆನೋವು, ಮುಖ ಕೆಂಪಾಗೋದು ಕಂಡ್ರೆ ಎಬಿಜಿ (ಅಪಧಮನಿ ರಕ್ತದ ಗ್ಯಾಸ್ ಪರೀಕ್ಷೆ) ಬಗ್ಗೆ ಕೇಳು.

ಇದೇ ಹೊತ್ತಲ್ಲಿ ಐಸಿಡಿ (ಎದೆಗೂಡಿಂದ ಗಾಳಿ, ದ್ರವ ಹೊರತೆಗೆಯೋ ಟ್ಯೂಬ್) ಹೇಳಿಬಿಡ್ತೀನಿ, ವಾರ್ಡಲ್ಲೂ ಕೇಳ್ತಾರೆ, ಪೇಪರಲ್ಲೂ ಕೇಳ್ತಾರೆ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗೆ. ಉಸಿರಿನ ಜೊತೆ ನೀರು ಏರಿಳಿದ್ರೆ ಟ್ಯೂಬ್ ಕೆಲಸ ಮಾಡ್ತಿದೆ. ಏರಿಳಿತ ನಿಂತ್ರೆ ಎರಡು ಅರ್ಥ: ಒಂದೋ ಶ್ವಾಸಕೋಶ ಪೂರ್ತಿ ಹಿಗ್ಗಿದೆ, ಇಲ್ಲಾ ಟ್ಯೂಬ್ ಮಡಚಿಕೊಂಡಿದೆ ಅಥವಾ ಕಟ್ಟಿಕೊಂಡಿದೆ. ಬಿಡದೆ ಗುಳ್ಳೆ ಬರ್ತಿದ್ರೆ ಗಾಳಿ ಸೋರ್ತಿದೆ. ಎಕ್ಸ್‌ರೇಗೆ ಕರ್ಕೊಂಡು ಹೋಗೋವಾಗ ಕ್ಲಾಂಪ್ ಹಾಕಿ ಕಳಿಸೋ ಅಭ್ಯಾಸ ಬಿಡಿ, ಗಾಳಿ ಒಳಗೇ ಸೇರಿ ಟೆನ್ಷನ್ ನ್ಯೂಮೊಥೊರಾಕ್ಸ್ ಆಗ್ಬಹುದು. ಟ್ಯೂಬ್ ಬಾಟಲಿಯಿಂದ ಕಳಚಿದ್ರೆ ತುದಿಯನ್ನ ಸ್ಟೆರೈಲ್ ನೀರಿನ ಬಾಟಲಿಯೊಳಗೆ ಮುಳುಗಿಸು. ಎದೆಯಿಂದಲೇ ಕಿತ್ತು ಬಂದ್ರೆ ಡ್ರೆಸಿಂಗ್ ಮುಚ್ಚಿ ಮೂರು ಕಡೆ ಮಾತ್ರ ಪ್ಲಾಸ್ಟರ್, ಒಂದು ಕಡೆ ಗಾಳಿ ಹೊರಹೋಗೋಕೆ ಬಿಡು, ಕೂಗಿ ಡಾಕ್ಟರ್‌ನ ಕರಿ.

ಬನಶಂಕರಿ_ಸಿಸ್ಟರ್

ಇನ್ಸುಲಿನ್ ಸಿರಿಂಜ್ ಬಗ್ಗೆ ಯಾರೂ ಹೇಳಿಲ್ಲ. ಹೊರದೇಶದ ಪುಸ್ತಕದಲ್ಲಿ ಓದೋವ್ರಿಗೆ ಇದು ಗೊತ್ತೇ ಇರೋದಿಲ್ಲ, ಅಲ್ಲಿ ಎಲ್ಲ ಯು-100. ನಮ್ಮಲ್ಲಿ ವಯಲ್ ಹೆಚ್ಚಾಗಿ ಯು-40, ಅಂದ್ರೆ ಒಂದು ಎಂಎಲ್‌ಗೆ 40 ಯೂನಿಟ್. ಪೆನ್, ಕಾರ್ಟ್ರಿಡ್ಜ್ ಯು-100. ಸಿರಿಂಜಲ್ಲೂ ಎರಡು ಬಗೆ: ಕೆಂಪು ಮುಚ್ಚಳದ್ದು ಯು-40ಗೆ, ಕಿತ್ತಳೆ ಮುಚ್ಚಳದ್ದು ಯು-100ಗೆ. ಯು-40 ಸಿರಿಂಜಲ್ಲಿ ಯು-100 ಇನ್ಸುಲಿನ್ ಎಳೆದ್ರೆ ಎರಡೂವರೆ ಪಟ್ಟು ಹೋಗುತ್ತೆ. 10 ಅಂದ್ಕೊಂಡು 25 ಯೂನಿಟ್! ಉಲ್ಟಾ ಆದ್ರೆ 10 ಬದಲು 4.

ಡಿಸ್ಚಾರ್ಜ್ ದಿನ ತಿಳಿಸಿ ಹೇಳೋವಾಗ ವಯಲ್ ಮತ್ತು ಸಿರಿಂಜ್ ಎರಡನ್ನೂ ಪೇಷಂಟ್ ಕೈಗೆ ಕೊಟ್ಟು, ಅವರಿಂದ್ಲೇ ಎಳೆಸಿ ನೋಡಿ. ಮೆಡಿಕಲ್ ಶಾಪಲ್ಲಿ ಏನು ಕೇಳ್ಬೇಕು ಅನ್ನೋದನ್ನೂ ಚೀಟಿಯಲ್ಲಿ ಬರೆದುಕೊಡಿ. ಸಕ್ಕರೆ 70ಕ್ಕಿಂತ ಇಳಿದು ಬೆವರು, ನಡುಕ ಬಂದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯೋದು, ಅದು ಸುಮಾರು 15 ಗ್ರಾಂ. 15 ನಿಮಿಷ ಬಿಟ್ಟು ಮತ್ತೆ ನೋಡೋದು. ಚಾಕೊಲೇಟ್, ಲಡ್ಡು ಬೇಡ, ಕೊಬ್ಬು ಇರೋದ್ರಿಂದ ಸಕ್ಕರೆ ನಿಧಾನಕ್ಕೆ ಏರುತ್ತೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ ಅಂತ ಮನೆಯವರಿಗೆ ಒತ್ತಿ ಹೇಳಿ.

ಗದಗದ_ಬ್ರದರ್

ಬನಶಂಕರಿ ಅಕ್ಕಾರ ಹೇಳಿದ್ದು ಬಂಗಾರದಂಥಾ ಮಾತು. ಡಯಾಲಿಸಿಸ್ ಪೇಷಂಟಿಂದೂ ಒಂದು ಸಾಲು: ಫಿಸ್ಟುಲಾ (ಡಯಾಲಿಸಿಸ್ ಸಲುವಾಗಿ ಜೋಡ್ಸಿದ ರಕ್ತನಾಳ) ಇದ್ದ ಕೈಯಾಗ ಬಿಪಿ ಬ್ಯಾಡ, ಕ್ಯಾನುಲಾ ಬ್ಯಾಡ, ರಕ್ತ ತಗಿಯೂದು ಬ್ಯಾಡ. ದಿನಾ ಕೈ ಇಟ್ಟು ಥ್ರಿಲ್ ನೋಡ್ರಿ. ಆ ಝುಮ್ ಅನ್ನೂದು ನಿಂತಿದ್ರ ಅವತ್ತ ತಿಳಸ್ಬೇಕು, ನಾಳೆ ಅಲ್ಲ.

ಪಿವೈಕ್ಯೂ_ಪ್ರಿಯ

ಡ್ಯೂಟಿ ಮುಗಿಸಿ ಬಿಎಂಟಿಸಿಯಲ್ಲಿ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರೋಷ್ಟರಲ್ಲಿ ಪುಸ್ತಕ ಹಿಡಿಯೋ ಶಕ್ತಿ ಇರಲ್ಲ. ಇಷ್ಟನ್ನೆಲ್ಲ ಓದೋಕೆ ಟೈಮ್ ಎಲ್ಲಿಂದ ತರ್ತೀರಿ?

ಟ್ಯೂಟರ್_ಮೇಡಂ

ಹ್ಯಾಂಡೋವರನ್ನೇ ಓದುವ ಸಮಯ ಮಾಡಿಕೊಳ್ಳಿ. ಹೊಸದಾಗಿ ಅಡ್ಮಿಟ್ ಆದ ಒಬ್ಬರನ್ನು ಆರಿಸಿ. ಕೇಸ್ ಶೀಟಿನಲ್ಲಿರುವ ಪ್ರತಿ ಔಷಧಕ್ಕೂ "ಇದು ಯಾಕೆ, ಕೊಡುವ ಮೊದಲು ಏನು ನೋಡಬೇಕು" ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದ್ದನ್ನು ಮಾತ್ರ ಬಸ್ಸಿನಲ್ಲಿ ಮೊಬೈಲಿನಲ್ಲಿ ನೋಡಿ. ಟಿಬಿ ಪೇಷಂಟಿನ ಒಂದು ಔಷಧಿ ಚೀಟಿಯೇ ಒಂದು ಪಾಠ: ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ, ಹೆದರಬೇಕಿಲ್ಲ. ಐಸೊನಯಾಜಿಡ್ ಜೊತೆ ಕೈಕಾಲು ಜೋಮು ತಡೆಯಲು ಪಿರಿಡಾಕ್ಸಿನ್. ಎಥಾಂಬುಟಾಲ್ ಕಣ್ಣಿಗೆ ತೊಂದರೆ ಮಾಡಬಹುದು, ಹಾಗಾಗಿ ಕೆಂಪು-ಹಸಿರು ಗುರುತಿಸುತ್ತಾರೆಯೇ ಕೇಳಿ. ಪೈರಾಜಿನಮೈಡ್ ಯೂರಿಕ್ ಆಮ್ಲ ಏರಿಸುತ್ತದೆ, ಕೀಲುನೋವು ಬರಬಹುದು. ಸಿಸ್ಟಂ ಪ್ರಕಾರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲು ಹೊರಟವರು ಸಾಮಾನ್ಯವಾಗಿ ಕಾರ್ಡಿಯಾಕ್ ಮುಗಿಸುವಷ್ಟರಲ್ಲಿ ನಿಂತುಬಿಡುತ್ತಾರೆ. ಇದು ನಾನು ಪ್ರತಿ ಬ್ಯಾಚಿನಲ್ಲೂ ನೋಡುವುದು.

ರಾತ್ರಿಪಾಳಿ_ಅಕ್ಕ

ಸರಿ, ಕೆಂಗೇರಿ ತಂಗಿಗೊಂದು ಪರೀಕ್ಷೆ. ನಾಲ್ಕು ಬೆಡ್.

ಒಂದು: ಹಾರ್ಟ್ ಫೇಲ್ಯೂರ್, ನಿನ್ನೆಗಿಂತ ತೂಕ ಒಂದೂವರೆ ಕಿಲೋ ಜಾಸ್ತಿ, ರಾತ್ರಿ ಮೂರು ದಿಂಬು ಕೇಳಿದ್ರು. ಎರಡು: ಡೆಂಗಿ ಐದನೇ ದಿನ, ಜ್ವರ ಇಲ್ಲ, ಕೈಕಾಲು ತಣ್ಣಗೆ, ಎರಡು ಸಲ ವಾಂತಿ, ಬಿಪಿ 96/80. ಮೂರು: ರಕ್ತ ಹಾಕಿ ಹತ್ತು ನಿಮಿಷ ಆಗಿದೆ, "ಸೊಂಟ ನೋಯ್ತಿದೆ, ಚಳಿ ಆಗ್ತಿದೆ" ಅಂತಾರೆ. ನಾಲ್ಕು: ಐಸಿಡಿ, ನೀರು ಉಸಿರಿನ ಜೊತೆ ಏರಿಳೀತಿದೆ.

ಕೆಂಗೇರಿ_ಜಿಎನ್‌ಎಂ

ನಾಲ್ಕು ಸರಿಯಾಗಿದೆ, ಕೊನೆಗೆ. ಒಂದು ಇವತ್ತೇ ತಿಳಿಸಬೇಕು, ಆದ್ರೆ ಸ್ವಲ್ಪ ಟೈಮ್ ಇದೆ. ಎರಡು ಮತ್ತು ಮೂರರ ಮಧ್ಯೆ ಸಿಕ್ಕಾಕೊಂಡೆ. ಎರಡನೆಯವರ ಪಲ್ಸ್ ಪ್ರೆಶರ್ 16, ಶಾಕ್. ಎರಡು ಅಂತೀನಿ.

ಜ್ವರವಾರ್ಡ್_7

ನನ್ನ ವಾರ್ಡಿನವರಿಗೇ ವೋಟ್ ಹಾಕಿದ್ದಕ್ಕೆ ಸಂತೋಷ, ಆದ್ರೆ ನಾನಾಗಿದ್ರೆ ಮೂರು. ಸೊಂಟನೋವು, ಚಳಿ ಅಂದ್ರೆ ಹೀಮೊಲಿಟಿಕ್ ರಿಯಾಕ್ಷನ್ (ಹೊಂದದ ರಕ್ತದಿಂದ ರಕ್ತಕಣ ಒಡೆಯೋದು) ಇರಬಹುದು, ಮತ್ತೆ ಅದನ್ನ ಮಾಡ್ತಿರೋ ವಸ್ತು ಇನ್ನೂ ಒಳಗೆ ಹೋಗ್ತಾನೇ ಇದೆ. ಒಂದೊಂದು ಎಂಎಲ್ಲೂ ಲೆಕ್ಕ.

ಯಲಹಂಕ_ಎಸ್‌ಎನ್

ಆದ್ರೆ ಶಾಕ್ ಆಗಿರೋವ್ರನ್ನ ಬಿಟ್ಟು ಹೋಗೋದಾ? ರಕ್ತದ ಪೇಷಂಟ್‌ಗೆ ಬಿಪಿ ಇನ್ನೂ ಚೆನ್ನಾಗಿದೆ ಅನ್ಸುತ್ತೆ.

ರಾತ್ರಿಪಾಳಿ_ಅಕ್ಕ

ಮೂರೇ ಮೊದಲು. ಕ್ಲಾಂಪ್ ಮುಚ್ಚೋಕೆ ಎಷ್ಟು ಹೊತ್ತು ಬೇಕು? ಹೋಗ್ತಾ ಹೋಗ್ತಾನೇ ಎರಡನೇ ಬೆಡ್‌ಗೆ ಡ್ಯೂಟಿ ಡಾಕ್ಟರ್‌ನ ಕರೆಯೋಕೆ ಜೊತೆಯವಳಿಗೆ ಕೂಗಿ ಹೇಳು, ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಬಾಟಲಿ ತೆಗೆದಿಡೋಕೂ ಹೇಳು. ನೀನು ಮೂರನೇ ಬೆಡ್‌ನಲ್ಲಿ ರಕ್ತ ನಿಲ್ಲಿಸು, ಹಳೇ ಟ್ಯೂಬಿಂಗ್‌ನ ಫ್ಲಷ್ ಮಾಡ್ಬೇಡ, ಅದರೊಳಗಿರೋ ರಕ್ತಾನೂ ಒಳಗೆ ಹೋಗುತ್ತೆ. ಪೂರ್ತಿ ಬದಲಾಯಿಸಿ ಹೊಸ ಸೆಟ್‌ನಲ್ಲಿ ಎನ್‌ಎಸ್ (ನಾರ್ಮಲ್ ಸಲೈನ್) ಹಾಕು. ಪೇಷಂಟ್ ಹೆಸರು, ಐಪಿ ನಂಬರ್, ಬ್ಯಾಗ್ ನಂಬರ್, ಗ್ರೂಪ್ ಮತ್ತೆ ತಾಳೆ ನೋಡು. ಬ್ಯಾಗ್ ಎಸೀಬೇಡ, ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ಹೋಗ್ಬೇಕು. ಮೊದಲು ಬರೋ ಮೂತ್ರ ಹಿಡಿದಿಡು, ಬಣ್ಣ ಬರಿ.

ಬನಶಂಕರಿ_ಸಿಸ್ಟರ್

ಒಂದು ಸೇರ್ಪಡೆ, ಅಕ್ಕ. ತಾಳೆ ನೋಡೋವಾಗ ಅಕ್ಕಪಕ್ಕದಲ್ಲಿ ಇನ್ಯಾರಿಗಾದ್ರೂ ಅದೇ ಹೊತ್ತಲ್ಲಿ ರಕ್ತ ಹಾಕಿದ್ದಾರಾ ಅಂತಲೂ ನೋಡ್ಬೇಕು. ಇಬ್ಬರ ಬ್ಯಾಗ್ ಅದಲುಬದಲಾಗಿದ್ರೆ ಇನ್ನೊಬ್ಬರಿಗೂ ಅದೇ ಅಪಾಯ ಓಡ್ತಾ ಇರುತ್ತೆ.